ತಾರಮಂಗಲಂ ಏರಿನಲ್ಲಿ ಮೂವತ್ತು ಸೈಕಲ್

ಆ ಭಾನುವಾರ ನನಗೆ ಎರಡು ಸಾವಿರದ ಇನ್ನೂರು ರೂಪಾಯಿ ಖರ್ಚಾಯಿತು, ಒಂದು ಸಂತೆಯೂ ತಪ್ಪಿತು. ಬ್ರೇಕ್ ರಬ್ಬರು, ಟ್ಯೂಬು, ಚೈನಿಗೆ ಎಣ್ಣೆ. ಓಮಲೂರಿನ ಸೈಕಲ್ ಅಂಗಡಿಯವನು ಮೊದಲು ಮೂರು ಸಾವಿರದ ಮೇಲೆ ಹೇಳಿದ್ದ. ಚೀಲ ಮಡಚಿ ಎದ್ದೆ. ಬಾಗಿಲು ದಾಟುವ ಮುಂಚೆ ಕರೆದ. ಖರ್ಚು ಯಾಕೆ ಮಾಡಿದೆನೆಂದರೆ, ನಮ್ಮೂರಿನ ಯುವಕರು ಬೀದಿಯ ಮಕ್ಕಳನ್ನೆಲ್ಲ ಸೈಕಲ್ಲಿನಲ್ಲಿ ತಾರಮಂಗಲಂ ದೇವಸ್ಥಾನದವರೆಗೆ ಕರೆದುಕೊಂಡು ಹೋಗಲು ಏರ್ಪಾಡು ಮಾಡಿದ್ದರು. ಸೈಕಲ್ಲುಗಳನ್ನು ನೋಡಿಬರೋಣವೆಂದು ಹೋದರೆ ಅರ್ಧಕ್ಕರ್ಧಕ್ಕೆ ಬ್ರೇಕೇ ಇಲ್ಲ. "ಎಂಗ್ಲಾ ನಿಲ್ಲಿಸ್ತೀಯ?" ಎಂದು ಒಬ್ಬನನ್ನು ಕೇಳಿದೆ. ಅವನು ಕಾಲೆತ್ತಿ ಚಪ್ಪಲಿಯನ್ನು ಮುಂದಿನ ಚಕ್ರಕ್ಕೆ ಒತ್ತಿ ತೋರಿಸಿದ. ಆ ಚಪ್ಪಲಿ ನಡುವೆ ಸವೆದು ಕಾಗದದಂತಾಗಿತ್ತು.

ನಾನು ಈ ತಮಿಳು ಸೀಮೆಯ ಕನ್ನಡದವನು, ಕುರಿ ವ್ಯಾಪಾರಿ. ಸಾಕಿ ಲಾಭ ಹಂಚಿಕೊಳ್ಳುವ ಕರಾರಿನಲ್ಲಿ ಪಾಲಿಗೆ ತಂದ ಎರಡು ಮರಿಗಳಿಂದ ಶುರುಮಾಡಿದವನು. ಯಾರೂ ಹೇಳಿಕೊಡಲಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬ ಧೈರ್ಯ ಇತ್ತು. ಸಾಲು ನಿಲ್ಲಿಸುವ ಕೆಲಸವನ್ನೂ ನಾನೇ ಕೇಳಿ ತೆಗೆದುಕೊಂಡೆ. ಉಳಿದಂತೆ ಮೊಪೆಡ್ಡಿನಲ್ಲಿ ಹಿಂದಿನಿಂದ ಬರುವುದು, ಪಂಕ್ಚರ್ ಆದರೆ ನೋಡಿಕೊಳ್ಳುವುದು.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಂದು ಕೇಳದೆಯೇ ನನ್ನ ಮೊಪೆಡ್ಡಿನ ಹಿಂದೆ ಕುಳಿತಳು. ಒಂದು ಕಾಲದಲ್ಲಿ ನಮ್ಮಪ್ಪನ ಜೊತೆ ಕುರಿ ಕಾದವಳು.

"ಅಜ್ಜಿ, ನೀನೆಲ್ಲಿಗೆ?"

"ನನ್ನ ಮೊಮ್ಮಗಳು ಸೈಕಲ್ ಓಡಿಸ್ತಾಳಾ, ಸೈಕಲ್ಲೇ ಅವಳನ್ನ ಓಡಿಸ್ತೈತಾ, ನೋಡ್ಬೇಕು."

ವಿಷಯ ಬೀದಿಗೆಲ್ಲ ಗೊತ್ತಿತ್ತು. ಆ ಹುಡುಗಿ ಐದನೇ ಕ್ಲಾಸು ಮುಗಿಸುತ್ತಿದ್ದಳು. ನಮ್ಮೂರಿನ ಶಾಲೆ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಆರು ಕಿಲೋಮೀಟರ್ ದೂರ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಸೈಕಲ್ಲಿನಲ್ಲಿ ಹೋಗಿಬರುವ ಶಕ್ತಿ ಇದ್ದರೆ ಸರಿ, ಇಲ್ಲದಿದ್ದರೆ ಧರ್ಮಪುರಿಯ ಸೋದರತ್ತೆ ಮನೆಯಲ್ಲಿದ್ದು ಓದಬೇಕು. ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಹುಡುಗಿಗೆ ಅತ್ತೆ ಮನೆ ಎಂದರೆ ಊಟ ಸೇರುತ್ತಿರಲಿಲ್ಲ. ಅವಳ ಸೈಕಲ್ಲೋ, ಅಕ್ಕನಿಗೆ ಹನ್ನೊಂದನೇ ಕ್ಲಾಸಿನಲ್ಲಿ ಸರ್ಕಾರದವರು ಕೊಟ್ಟದ್ದು. ಸೀಟು ಪೂರ್ತಿ ಇಳಿಸಿದರೂ ಕಾಲ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು. ತಾರಮಂಗಲಂಗೆ ಮುಂಚಿನ ಏರಿನಲ್ಲಿ ನಿಂತಳೋ, ಮತ್ತೆ ಹತ್ತಿ ಹೊರಡುವುದು ಆಗದ ಮಾತು.

ಸಂತೆಯಲ್ಲಿ ನಾನು ದಷ್ಟಪುಷ್ಟ ಟಗರನ್ನು ಸಾಲಿನ ಮುಂದೆ ಕಟ್ಟುತ್ತೇನೆ. ಕೊಳ್ಳುವವನ ಕಣ್ಣು ಮೊದಲು ಅಲ್ಲಿ ಬೀಳಬೇಕು, ಬಡಕಲು ಹಿಂದಿರಬೇಕು. ಅದೇ ಅಭ್ಯಾಸಬಲದಿಂದ ಹತ್ತನೇ ಕ್ಲಾಸಿನ ಗಟ್ಟಿ ಹುಡುಗರನ್ನು ಮುಂದೆ ಬಿಟ್ಟೆ, ಈ ಹುಡುಗಿಯನ್ನು ಕೊನೆಗಿಟ್ಟೆ. ಎರಡು ಕಿಲೋಮೀಟರ್ ಆಗುವುದರೊಳಗೆ ಮುಂದಿನವರು ತಿರುವು ದಾಟಿ ಮಾಯವಾದರು, ನಡುವಿನವರು ತುಂಡುತುಂಡಾದರು. ಹುಡುಗಿ ಒಬ್ಬಳೇ ನಮ್ಮ ಮೊಪೆಡ್ಡಿನ ಮುಂದೆ. ನನ್ನ ಇಂಜಿನ್ನಿನ ಸದ್ದಿಗೇ ಹೆದರಿ ಹಿಂದೆ ತಿರುಗಿ ನೋಡಿದಳು, ಹ್ಯಾಂಡಲ್ ಓಲಾಡಿ ಮೋರಿಯ ಕಟ್ಟೆಗೆ ಕಾಲು ಕೊಟ್ಟು ನಿಂತಳು. ಅಳಲಿಲ್ಲ. ಅಜ್ಜಿಯ ಮುಖವನ್ನಷ್ಟೇ ನೋಡಿದಳು.

ಅಜ್ಜಿ ಬೈದದ್ದು ನನ್ನನ್ನು. "ಲೇ, ನೀನು ಕುರಿ ಕಾದೋನ ಮಗನಾ, ಸಂತೆ ದಲ್ಲಾಳಿನಾ?"

"ಯಾಕಜ್ಜಿ?"

"ಮಂದೆ ಮುಂದೆ ಓಗೋನು ಓಡಿಸಾಕಲ್ಲ, ತಡ್ಯಾಕೆ. ನಿಮ್ಮಪ್ಪ ಕೋಲು ಅಡ್ಡ ಇಡ್ಕೊಂಡು ಮುಂದೆ ನಡೀತಿದ್ದ. ಗಬ್ಬದ ಕುರಿ ಎಷ್ಟು ನಡೀತದೋ ಅಷ್ಟೇ ಮಂದೆ ನಡಿಯೋದು. ಮರ್ತು ಬುಟ್ಟಾ?"

ಮರೆತಿದ್ದೆ. ಮಾರುವುದನ್ನು ಕಲಿಯುತ್ತ ಕಾಯುವುದನ್ನು ಮರೆತಿದ್ದೆ.

ಮುಂದೆ ಹೋಗಿದ್ದ ಯುವಕರಿಗೆ ಫೋನ್ ಮಾಡಿ ಎಲ್ಲರನ್ನೂ ಏರಿಗೆ ಮುಂಚಿನ ಟೀ ಅಂಗಡಿಯ ಹತ್ತಿರ ನಿಲ್ಲಿಸಿದೆ. ಹುಡುಗಿ ಮುಂದೆ, ಅವಳ ಹಿಂದೆ ಚಿಕ್ಕವರು, ಗಟ್ಟಿ ಹುಡುಗರು ಕೊನೆಗೆ ಎಂದೆ. ಆ ಹುಡುಗರು ಮುಖ ಊದಿಸಿಕೊಂಡರು.

"ಅಣ್ಣಾ, ಅವಳ ಇಂದೆ ಓಗಾಕೆ ಸೈಕಲ್ ಯಾಕೆ? ನಡ್ಕೊಂಡೇ ಓಯ್ತೀವಿ ವಿಡುಂಗ, ಬುಟ್ಬುಡಿ."

ಕೊಳ್ಳುವವನಿಗೆ ಬುದ್ಧಿ ಹೇಳಿದರೆ ವ್ಯಾಪಾರ ಆಗುವುದಿಲ್ಲ, ಆಸೆ ತೋರಿಸಬೇಕು. "ಪೊಂಗಲ್ ಅಬ್ಬದ ಆಟದಾಗೆ ನಿಧಾನ ಸೈಕಲ್ ಪಂದ್ಯ ಇರ್ತದಲ್ಲ, ಗೆದ್ದೋನು ಯಾವನಲಾ ನಿಮ್ಮಲ್ಲಿ? ಅವಳ್ನ ದಾಟ್ದೆ, ಕಾಲು ಊರ್ದೆ ಈ ಏರು ಅತ್ತೋನೇ ಗಟ್ಟಿಗ" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೈಕಲ್ ತಿರುಗಿಸಿಕೊಂಡು ಹಿಂದಕ್ಕೆ ಹೋದರು.

ಆಮೇಲೆ ನಡೆದದ್ದನ್ನು ಹೇಳಲು ನನ್ನ ಬಳಿ ಸಾಕಷ್ಟು ಮಾತಿಲ್ಲ. ಹುಡುಗಿ ಏರು ಹಿಡಿದಳು. ಬಲಗಾಲಿಗೆ ಒಂದು ಸಲ, ಎಡಗಾಲಿಗೆ ಒಂದು ಸಲ, ಇಡೀ ಮೈ ತೂಗಿ ಪೆಡಲ್ ತುಳಿಯುತ್ತಿದ್ದಳು. ಹಿಂದೆ ಮೂವತ್ತು ಸೈಕಲ್ ಅವಳದೇ ಓಟದಲ್ಲಿ. ಏರಿನಲ್ಲಿ ನಿಧಾನವಾಗಿ ಹೋಗುವುದು ಜೋರಾಗಿ ಹೋಗುವುದಕ್ಕಿಂತ ಕಷ್ಟ. ಗಟ್ಟಿ ಹುಡುಗರ ತೋಳು ನಡುಗುತ್ತಿದ್ದವು, ಹ್ಯಾಂಡಲ್ ಹಾವಿನಂತೆ ಹೊರಳುತ್ತಿತ್ತು. ಯಾರೂ ದಾಟಲಿಲ್ಲ. ನಡುವೆ ಒಬ್ಬ "ಮೆದುವಾ" ಎಂದ. ನಿಧಾನ ಎನ್ನುವ ಆ ತಮಿಳು ಮಾತು ಬಾಯಿಂದ ಬಾಯಿಗೆ ಇಳಿಯುತ್ತ ಕೊನೆಯವನವರೆಗೆ ಬಂತು. ಟೌನ್ ಬಸ್ಸೊಂದು ನನ್ನ ಬೆನ್ನಿಗೆ ಬಂದು ಎರಡು ಸಲ ಹಾರನ್ ಹೊಡೆಯಿತು. ಡ್ರೈವರ್ ಕತ್ತು ಹೊರಗೆ ಹಾಕಿ ಏರಿನ ಮೇಲಿನ ಸಾಲನ್ನು ನೋಡಿದ. ಮತ್ತೆ ಹೊಡೆಯಲಿಲ್ಲ. ಮೊದಲನೇ ಗೇರಿನಲ್ಲಿ ಹಿಂದೆಯೇ ಬಂದ.

ಕುರಿ ಬಿಟ್ಟರೆ ಇಷ್ಟು ಜೀವಗಳು ಒಂದೇ ಜೀವದಂತೆ ಸಾಗುವುದನ್ನು ನಾನು ಕಂಡಿರಲಿಲ್ಲ. ಕುರಿಗೆ ಅದು ಹುಟ್ಟುಗುಣ. ಈ ಮಕ್ಕಳು ಬೇಕೆಂದೇ ಮಾಡುತ್ತಿದ್ದರು. ಕೂದಲು ನಿಮಿರಿ ನಿಂತ ಕೈಯಲ್ಲಿ ಆಕ್ಸಿಲರೇಟರ್ ಹಿಡಿದಿದ್ದೆ. ಬೆನ್ನಿಗೆ ಅಜ್ಜಿಯ ಉಸಿರು ತಾಗುತ್ತಿರಲಿಲ್ಲ, ಬಿಗಿಹಿಡಿದಿದ್ದಳು.

ಹುಡುಗಿ ನೆತ್ತಿ ಸೇರಿದಳು. ಇಳಿಯಲು ಗೊತ್ತಿಲ್ಲದ್ದರಿಂದಲೋ ಏನೋ, ನಿಲ್ಲಲೂ ಇಲ್ಲ, ಹಾಗೇ ಮುಂದೆ ಸಾಗಿದಳು. ದೂರದಲ್ಲಿ ಗೋಪುರ ಕಂಡಿತು.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ನನ್ನ ಹೆಗಲು ತಟ್ಟಿದಳು. "ಅವಳ ಸೈಕಲ್ ಇಂದಿನ ಕ್ಯಾರಿಯರ್ ಗಟ್ಟಿ ಐತಾ?"

"ಯಾಕಜ್ಜಿ?"

"ಆರನೇ ಕ್ಲಾಸಿನ ಪುಸ್ತಕ ಬಾರ ಅಂತೆ."

ನೀವೂ ಮಕ್ಕಳನ್ನು ಹೀಗೆ ಕರೆದುಕೊಂಡು ಹೋಗುವುದಾದರೆ ಕೇಳಿ. ಬ್ರೇಕ್ ರಬ್ಬರನ್ನು ಜೋಡಿಯಾಗಿಯೇ ಬದಲಿಸಿ. ಒಂದೇ ಸಾಕು ಎನ್ನುವ ಅಂಗಡಿಗೆ ಹೋಗಬೇಡಿ. ಮುಂದಿಟ್ಟ ಮಗುವಿಗೆ ನೀನು ನಿಧಾನ ಎಂದು ಹೇಳಬೇಡಿ, ಎಲ್ಲರನ್ನೂ ಹಿಡಿದು ನಡೆಸಬೇಕು ಎನ್ನಿ. ಹಿಂದೆ ಬರುವ ವಾಹನ ಇಪ್ಪತ್ತು ಮಾರು ದೂರದಲ್ಲಿರಲಿ, ಸದ್ದು ಮಕ್ಕಳ ಕಿವಿಗೆ ಬೀಳಬಾರದು. ನೀರು ಕುಡಿಸಲು ಏರಿನ ಬುಡದಲ್ಲಿ ನಿಲ್ಲಿಸಬೇಡಿ, ಅದಕ್ಕೂ ಇನ್ನೂರು ಮಾರು ಮುಂಚೆ ಸಮತಟ್ಟಿನಲ್ಲಿ ನಿಲ್ಲಿಸಿ. ಕಾಲು ಎಟುಕದ ಮಗುವಿಗೆ ಓಟ ಹಿಡಿಯಲು ಅಷ್ಟಾದರೂ ದಾರಿ ಬೇಕು.