ಉಪ್ಪಿಲ್ಲದ ಸಾರು

ನಮ್ಮ ಪಕ್ಕದ ಮನೆಯ ಸೊಸೆ ಕರಾವಳಿಯವಳು. ಹೊಳೆ ಕಡಲಿಗೆ ಸೇರುವ ಕಡೆ ಅವಳ ತವರು. ಬೆಳಿಗ್ಗೆ ನಲ್ಲಿ ಬಂದರೆ ಮೊದಲ ಬೊಗಸೆ ನೀರನ್ನು ನಾಲಿಗೆಗೆ ಮುಟ್ಟಿಸಿ, "ಸಿಹಿ ಉಂಟು" ಅನ್ನುವಳು. ಆಮೇಲೇ ಕೊಡ ಹಿಡಿಯುವಳು.

"ನಮ್ಮ ಹೊನ್ನವಳ್ಳಿಗೆ ಕಡಲು ಬತ್ತದೇನೇ?" ಅಂತ ನಾನು ಆಡಿಕೊಳ್ಳುತ್ತಿದ್ದೆ.

"ಬೇಸಿಗೆಯಲ್ಲಿ ನಮ್ಮ ಬಾವಿಗೆ ಬರ್ತದೆ ಅಜ್ಜಿ."

ಹೋದ ದೀಪಾವಳಿಗೆ ಅವಳ ತಾಯಿ ಬಂದಳು. ತಾನೇ ಸಾರು ಮಾಡಿ ಎಲ್ಲರಿಗೂ ಬಡಿಸಿದಳು. ನನ್ನನ್ನೂ ಕರೆದಿದ್ದರು. ಸಾರಿನಲ್ಲಿ ಒಂದು ಹರಳು ಉಪ್ಪಿಲ್ಲ.

ಸೊಸೆಯ ಅತ್ತೆ ನಕ್ಕಳು. "ಏನ್ ಬೀಗಿತ್ತಿ, ಉಪ್ಪು ಊರಲ್ಲೇ ಬುಟ್ಟು ಬಂದ್ರಾ?"

"ಅಯ್ಯೋ, ಹಾಕುವ ಅಭ್ಯಾಸವೇ ತಪ್ಪಿದೆ. ನಮ್ಮ ಬಾವಿ ನೀರಲ್ಲೇ ಉಂಟಲ್ಲ" ಅಂದಳು ತಾಯಿ.

ಎಲ್ಲರೂ ನಕ್ಕೆವು. ಸೊಸೆ ಮಾತ್ರ ಸೌಟು ಹಿಡಿದು ನಿಂತುಬಿಟ್ಟಳು. "ಮಳೆ ಈಗಷ್ಟೇ ಹೋದದ್ದಲ್ವಾ ಅಮ್ಮ? ಈಗಲೇ ಉಪ್ಪಾಯ್ತಾ?"

"ಮಳೆ ಮೊದಲಿನ ಹಾಗೆ ಇಲ್ಲ ಮಗಾ. ಹೊಳೆ ಸೋತರೆ ಕಡಲು ಒಳಗೆ ಬರ್ತದೆ. ನೀನು ಹೆದರ್ತಿ ಅಂತ ಹೇಳ್ಲಿಲ್ಲ."

ತಾಯಿ ಊರಿಗೆ ಹೋದ ಮೇಲೆ ಅವಳು ನಮ್ಮ ನಲ್ಲಿಯ ರುಚಿ ನೋಡುವುದನ್ನು ಬಿಟ್ಟಳು. ಬೆಳಿಗ್ಗೆ ಕೊಡ ಇಟ್ಟು ತವರಿಗೆ ಫೋನ್ ಮಾಡುತ್ತಿದ್ದಳು. ಕೇಳುತ್ತಿದ್ದುದು ಒಂದೇ ಮಾತು.

"ಅಮ್ಮ, ಇವತ್ತು ಸಾರಿಗೆ ಉಪ್ಪು ಹಾಕಿದ್ಯಾ?"