ಬೆಣ್ಣೆ ಬ್ರೆಡ್ಡಿನ ಪರೀಕ್ಷೆ

ಸಾದಲಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಕೊನೆಯ ಹಂತದಲ್ಲಿ ಮೇಯುತ್ತಿದ್ದ ದಿನಗಳು. ನೆಂಟರ ಗೃಹಪ್ರವೇಶದಲ್ಲಿ ತುಪ್ಪ ಸುರಿದುಕೊಂಡು ಹೋಳಿಗೆ ತಿಂದು ಬಂದಿದ್ದೆ. ಸೊಪ್ಪಿನ ಹೊರೆ ಇಳಿಸುವಾಗ ಬಲಪಕ್ಕೆಯ ಕೆಳಗೆ ಹಿಡಿದುಕೊಂಡಿತು. ನೋವು ಬೆನ್ನು ಹಾದು ಭುಜಕ್ಕೆ ಏರಿತು. ಉಸಿರು ಎಳೆಯಲಾಗಲಿಲ್ಲ.

ಗ್ಯಾಸ್ ಅಂದುಕೊಂಡೆ.

ಮತ್ತೆರಡು ಸಲ ಹಾಗೇ ಆಯಿತು. ಎರಡೂ ಸಲ ಎಣ್ಣೆಯಲ್ಲಿ ಕರಿದದ್ದು ತಿಂದ ಮೇಲೆ. ತುಪ್ಪ ಬಿಟ್ಟೆ. ಒಗ್ಗರಣೆ ಬಿಟ್ಟೆ. ನಾಲ್ಕು ತಿಂಗಳು ಗಂಜಿಯಲ್ಲೇ ಕಳೆದೆ. ನೋವು ಬರಲಿಲ್ಲ, ಆದರೆ ರವಿಕೆಗಳೆಲ್ಲ ಸಡಿಲವಾದವು. ವಿದುರಾಶ್ವತ್ಥದಿಂದ ಬಂದ ಅಕ್ಕ ರತ್ನಮ್ಮ ನನ್ನ ಮುಖ ನೋಡಿದವಳೇ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೊರಡಿಸಿದಳು.

ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಕಲ್ಲು. ಆಪರೇಷನ್ ಬೇಕಾಗಬಹುದು ಎಂದರು ಡಾಕ್ಟರ್.

"ಈಗ ನೋವಿಲ್ವಲ್ಲ ಡಾಕ್ಟ್ರೇ, ಆಪರೇಷನ್ ಯಾಕೆ?" ಎಂದೆ.

ಡಾಕ್ಟರ್ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. "ಜಿಡ್ಡು ಕರುಳಿಗೆ ಇಳಿದಾಗ ಕರುಳು ಒಂದು ಹಾರ್ಮೋನ್ ಬಿಡುತ್ತಮ್ಮ. ಅದು ರಕ್ತದಲ್ಲಿ ಹೋಗಿ ಪಿತ್ತಕೋಶನ ಹಿಂಡಿಸುತ್ತೆ. ನೀವು ಜಿಡ್ಡೇ ತಿಂತಿಲ್ಲ, ಅದಕ್ಕೆ ಅದು ಸುಮ್ನೆ ಕೂತಿದೆ. ಪಿತ್ತ ಅಲ್ಲೇ ನಿಂತು ಗಟ್ಟಿಯಾಗ್ತಿದೆ."

ನೋವಿಗೆ ಹೆದರಿ ನಾನು ಮಾಡಿದ ಪಥ್ಯ ಕಲ್ಲನ್ನು ಇನ್ನಷ್ಟು ಬೆಳೆಸಿತೇನೋ.

ಪಿತ್ತಕೋಶ ಇನ್ನೂ ಹಿಂಡುತ್ತದೆಯೇ ಎಂದು ನೋಡಲು ಇನ್ನೊಂದು ಸ್ಕ್ಯಾನ್ ಮಾಡಬೇಕಿತ್ತು. ಅದಕ್ಕೆ ಮೊದಲು ನಾನು ಬೆಣ್ಣೆ ಬಳಿದ ಬ್ರೆಡ್ಡು ತಿಂದು, ಒಂದು ಲೋಟ ಗಟ್ಟಿ ಹಾಲು ಕುಡಿಯಬೇಕು. ಬೆಣ್ಣೆಯ ವಾಸನೆಗೇ ತಟ್ಟೆ ದೂರ ಸರಿಸಿದೆ.

"ಬೇಡ ಬಿಡೇ, ವಾಪಸ್ ಹೋಗಣ," ಎಂದಳು ಅಕ್ಕ.

"ನೋವು ಬಂದ್ರೆ ಇಂಜೆಕ್ಷನ್ ಇದೆ. ನಾವೆಲ್ಲ ಇಲ್ಲೇ ಇರ್ತೀವಮ್ಮ," ಎಂದರು ನರ್ಸ್.

ತಿಂದೆ. ಬೆಂಚಿನ ಮೇಲೆ ಕೂತು ಗಡಿಯಾರ ನೋಡಿದೆ. ಹತ್ತು ನಿಮಿಷ. ಏನೂ ಇಲ್ಲ. ಇಪ್ಪತ್ತು. ನನ್ನದೇ ಹೊಟ್ಟೆಯೊಳಗೆ, ನನ್ನನ್ನು ಕೇಳದೆ, ಯಾವುದೋ ಯಾವುದಕ್ಕೋ ಅಪ್ಪಣೆ ಕೊಡುತ್ತಿದೆ ಎಂದು ಗೊತ್ತಿದ್ದೂ ಕಾಯುತ್ತ ಕೂರುವುದಿದೆಯಲ್ಲ, ಅದು ನೋವಿಗಿಂತ ಕಷ್ಟ.

ಇಪ್ಪತ್ತೈದನೇ ನಿಮಿಷಕ್ಕೆ ಬಂತು.

ಬೆಂಚಿನಿಂದ ಜಾರಿ ನೆಲದ ಮೇಲೆ ಕೂತೆ. ಎತ್ತಿ ಮಲಗಿಸಿ ಸ್ಕ್ಯಾನ್ ಮಾಡಿದರು, ಇಂಜೆಕ್ಷನ್ ಕೊಟ್ಟರು. "ಹಾರ್ಮೋನ್ ತನ್ನ ಕೆಲಸ ಮಾಡ್ತಿದೆ. ಪಿತ್ತಕೋಶ ಹಿಂಡೋಕೂ ನೋಡ್ತಿದೆ. ಆದ್ರೆ ಕಲ್ಲು ಅದರ ಬಾಯಿಗೇ ಅಡ್ಡ ಕೂತಿದೆ. ತೆಗೀಲೇಬೇಕು," ಎಂದರು ಡಾಕ್ಟರ್.

ಈ ಸಲ ಯಾಕೆ ಎಂದು ಕೇಳದೆ ಒಪ್ಪಿಕೊಂಡೆ.

ಆಪರೇಷನ್ ಆಯಿತು. ಪಿತ್ತ ಈಗ ಲಿವರ್‌ನಿಂದ ನೇರವಾಗಿ ಕರುಳಿಗೆ ಇಳಿಯುತ್ತದಂತೆ. ಒಮ್ಮೊಮ್ಮೆ ಊಟವಾದ ಮೇಲೆ ಹೊಟ್ಟೆ ಕೆಡುತ್ತದೆ. ಭಯ ಪೂರ್ತಿ ಹೋಗಿಲ್ಲ. ಆದರೂ ಮನೆಯವರ ಜೊತೆ ಕೂತು, ಅವರು ಉಣ್ಣುವುದನ್ನೇ ಸ್ವಲ್ಪ ಉಣ್ಣುತ್ತೇನೆ. ಸದ್ಯಕ್ಕೆ ಅಷ್ಟು ಸಾಕು.

ಹೊಲಿಗೆ ಬಿಚ್ಚಿಸಿಕೊಂಡು ಹೊರಬಂದ ದಿನ ಅಕ್ಕ ಬಸ್‌ಸ್ಟ್ಯಾಂಡಿನ ಕಡೆ ಹೊರಡದೆ ಆಸ್ಪತ್ರೆಯ ಗೇಟಿನಲ್ಲೇ ನಿಂತಳು.

"ನಂಗೂ ಹಂಗೇ ಬರುತ್ತೆ ಕಣೇ," ಎಂದಳು. "ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಬೈಯಬೇಕೆನಿಸಿತು. ಬದಲಿಗೆ ಅವಳ ಕೈ ಹಿಡಿದು ಒಳಕ್ಕೆ ಕರೆದುಕೊಂಡು ಬಂದೆ. ಸ್ಕ್ಯಾನಿಂಗ್ ಸಾಲಿನ ಕೊನೆಯಲ್ಲಿ ಇಬ್ಬರೂ ನಿಂತೆವು.