ಅಕ್ಕಿಚೀಲಕ್ಕೆ ಹಿಂದಿನ ಸೀಟು

ಹದಿನೆಂಟು ವರ್ಷದ ನನ್ನ ಕಾರು ಕರೂರಿನ ತವರಿಗೆ ಹೋಗುವಾಗ ಒಂದು ದಿನವೂ ನಿಂತಿದ್ದಿಲ್ಲ. ನಿಲ್ಲುತ್ತಿದ್ದುದೆಲ್ಲ ಬಳ್ಳಾರಿಗೆ ವಾಪಸು ಬರುವಾಗಲೇ. ತವರು ಬಿಟ್ಟು ಹೊರಡಲು ನನಗೂ ಕಾಲು ಏಳುವುದಿಲ್ಲ, ಒಡತಿಯ ಗುಣ ಕಾರಿಗೂ ಹತ್ತಿದೆ ಎಂದು ಮೊದಲು ನಕ್ಕೆ. ಮೂರನೇ ಸಲ ಮನೆಯವರು ನಗಲಿಲ್ಲ. "ಇನ್ನೊಂದು ಸಲ ನಿಂತ್ರ ಗುಜರಿಗೆ ಹಾಕ್ತೀನಿ ನೋಡು" ಎಂದರು. ನಲವತ್ತೆರಡನೇ ವಯಸ್ಸಿನಲ್ಲಿ, ಕಂಟೋನ್ಮೆಂಟಿನ ಖಾಲಿ ರಸ್ತೆಗಳಲ್ಲಿ ಕ್ಲಚ್ಚು ಸುಡುತ್ತ ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಗುಜರಿ ಎಂಬ ಮಾತು ನನಗೇ ತಾಗಿತು.

ಬಳ್ಳಾರಿಯ ಗ್ಯಾರೇಜಿನಲ್ಲಿ ಕಾರಿನ ಪೆಟ್ರೋಲ್ ಪಂಪು ಹೊಸದಾಯಿತು, ಅದಕ್ಕೆ ಕರೆಂಟು ಬಿಡುವ ರಿಲೇ ಹೊಸದಾಯಿತು. ತೋರಿಸಲು ಒಯ್ದಾಗಲೆಲ್ಲ ಕಾರು ಒಂದೇ ಕೀಲಿಗೆ ಎದ್ದು ನನ್ನನ್ನು ಸುಳ್ಳಿ ಮಾಡುತ್ತಿತ್ತು. ನನಗೋ ಎಲ್ಲ ಬರೆದಿಡುವ ಚಟ. ಹಾಲಿನವನು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನಗಳ ಜೊತೆಗೆ ಕಾರು ನಿಂತ ದಿನವೂ ನೋಟ್‌ಬುಕ್ಕಿನಲ್ಲಿ ಇತ್ತು: ಬಿಸಿಲು ಎಂಥದು, ಪೆಟ್ರೋಲ್ ಎಷ್ಟಿತ್ತು, ದಾರಿಯಲ್ಲಿ ಏನು ತಿಂದೆವು.

ನಾಲ್ಕನೇ ಸಲ ನಿಂತದ್ದು ಕುರುಗೋಡಿನಲ್ಲಿ, ಬೇವಿನ ಮರದಡಿಯ ಒಂದು ಶೆಡ್ಡಿನೆದುರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಮೇಸ್ತ್ರಿ ಮೌಲಾಸಾಬ್ ಬಾನೆಟ್ ಎತ್ತಲೇ ಇಲ್ಲ. "ಕೀ ತಿರುವ್ರಿ ಅಕ್ಕಾ, ಮಾತಾಡಬ್ಯಾಡ್ರಿ" ಎಂದು ಹಿಂದಿನ ಬಾಗಿಲಿಗೆ ಕಿವಿಗೊಟ್ಟರು. ಕೀಲಿ ತಿರುವಿದೊಡನೆ ಸೀಟಿನಡಿಯ ಪಂಪು ಎರಡು ಕ್ಷಣ ಗುಂಯ್ ಎನ್ನಬೇಕಂತೆ. ಇಷ್ಟು ವರ್ಷ ಅದು ಗುಂಯ್ ಎಂದದ್ದೂ ನನಗೆ ಗೊತ್ತಿಲ್ಲ, ಈಗ ಸುಮ್ಮನಾದದ್ದೂ ಗೊತ್ತಿಲ್ಲ.

"ಇವರೇನು, ದೊಡ್ಡ ಮಂದೀನ?" ಎಂದರು, ಹಿಂದಿನ ಸೀಟು ನೋಡಿ.

ಅಲ್ಲಿ ಎರಡು ಅಕ್ಕಿಚೀಲ ಕುಳಿತಿದ್ದವು. ತಮ್ಮನ ಗದ್ದೆಯ ಅಕ್ಕಿಯನ್ನು ನಾವು ಡಿಕ್ಕಿಗೆ ಹಾಕುವುದಿಲ್ಲ. ಅನ್ನವಾಗುವ ಲಕ್ಷ್ಮಿಯನ್ನು ಸ್ಟೆಪ್ನಿ, ಹಳೇ ಚಪ್ಪಲಿಗಳ ಜೊತೆ ಮಲಗಿಸುವುದೇ? ಅತ್ತೆಯವರ ಕಾಲದಿಂದ ಅದಕ್ಕೆ ಸೀಟೇ.

ಚೀಲ ಕೆಳಗಿಳಿಸಿದರು. ಕೀಲಿ ತಿರುವಿದೆ: ಗುಂಯ್. ಮತ್ತೆ ಏರಿಸಿದರು: ಮೌನ. ನಾನು ಕೊಟ್ಟ ನೋಟ್‌ಬುಕ್ ತಿರುವಿ, "ಏನು ತಿಂದ್ರಿ ಅಂತ ಬರದೀರಿ. ಏನು ಹೇರಿದ್ರಿ ಅಂತ ಒಂದು ಕಡಿನೂ ಇಲ್ಲಲ್ರಿ!" ಎಂದರು. ಗ್ಯಾರೇಜಿಗೆ ನಾನು ಒಯ್ಯುತ್ತಿದ್ದುದು ಅಕ್ಕಿ ಮನೆಯಲ್ಲಿ ಇಳಿಸಿದ ಮೇಲೆ ತಾನೆ.

ಅವರ ಆಯುಧ ಒಂದು ಪುಟ್ಟ ಬಲ್ಬು, ಎರಡು ವೈರು. ಸೀಟು ಕಳಚಿ, ಕಾರಿನ ನೆಲಕ್ಕಂಟಿ ಹೋಗಿದ್ದ ವೈರನ್ನು ಚೀಲದ ಭಾರ ಒತ್ತುವಂತೆಯೇ ಅಂಗೈಯಲ್ಲಿ ಒತ್ತಿ ಹಿಡಿದರು. ಪಂಪಿಗೆ ಕರೆಂಟು ತರುವ ವೈರಿಗೂ ಕಾರಿನ ತಗಡಿಗೂ ಬಲ್ಬು ಮುಟ್ಟಿಸಿದರೆ ಬೆಳಗಿತು. ತಗಡು ಬಿಟ್ಟು, ಪಂಪಿನಿಂದ ಹೊರಡುವ ವೈರಿಗೆ ಮುಟ್ಟಿಸಿದರೆ ಇಲ್ಲ. "ಕರೆಂಟು ಹೋಗಾಕ ದಾರಿ ಐತಿ, ತಿರುಗಿ ಬರಾಕ ಇಲ್ಲ. ಪಾಪ, ಪಂಪಿಂದೇನೈತಿ ತಪ್ಪು?" ಸೀಟಿನ ಕಬ್ಬಿಣ ಒತ್ತಿ ಒತ್ತಿ ವೈರಿನೊಳಗಿನ ತಾಮ್ರ ಕಡಿದಿತ್ತು; ಮೇಲಿನ ಚರ್ಮಕ್ಕೆ ಒಂದು ಗೀರೂ ಇರಲಿಲ್ಲ. ಕೆಟ್ಟಷ್ಟನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಭಾರ ಬೀಳದ ಮೂಲೆಯಲ್ಲಿ ಹಾಯಿಸಿದರು.

ಮುಗಿಯಿತು ಎಂದುಕೊಂಡೆ. ಅವರು ಚೀಲಗಳನ್ನು ಸೀಟಿಗೇರಿಸಿ, ಅಕ್ಕಿಗೆ ಕೈಮುಗಿದು, ಪಕ್ಕದಲ್ಲಿ ಇಕ್ಕಟ್ಟಾಗಿ ತಾವೂ ಕುಳಿತರು. "ನಡೀರಿ ಅಕ್ಕಾ. ಗುಂಡಿ ತಪ್ಪಿಸಬ್ಯಾಡ್ರಿ, ಹುಡುಕಿ ಹುಡುಕಿ ಇಳಸ್ರಿ." ಗುಂಡಿಗಳಿಗೆ ನಮ್ಮಲ್ಲಿ ಬರವೇ? ಕಾರು ಕೆಮ್ಮಲೂ ಇಲ್ಲ. ಕಣ್ಣು ಮುಚ್ಚಿ ಕುಳಿತು, ಇಂಜಿನ್ ಸದ್ದಿನಡಿಯಲ್ಲಿ ಆ ಸಣ್ಣ ಗುಂಯ್‌ಗಾಗಿ ಕಿವಿಗೊಟ್ಟಿದ್ದ ಅವರ ಮುಖವನ್ನು ಕನ್ನಡಿಯಲ್ಲಿ ನೋಡುತ್ತ, ಮಕ್ಕಳ ಪಾಠವನ್ನು ನಾನೂ ಹೀಗೆ ಕೇಳಿಸಿಕೊಂಡಿದ್ದೇನೆಯೇ ಎಂದು ಟೀಚರಾದ ನನಗೆ ಅನ್ನಿಸಿತು.

ಎರಡು ಸುಗ್ಗಿ ಕಳೆದವು. ಅಕ್ಕಿ ಈಗಲೂ ಸೀಟಿನ ಮೇಲೇ ಬರುತ್ತದೆ. ಮೇಸ್ತ್ರಿಯ ಕಥೆ ನನ್ನಿಂದ ಕೇಳಿದ ಮೇಲೆ ಮನೆಯವರು ಗುಜರಿಯ ಸುದ್ದಿ ಎತ್ತಿಲ್ಲ. ಮೊನ್ನೆ ನಾನು ಕಲಿಸುವ ಸಾಲಿಯಿಂದ ಬಂದು ಸುಮ್ಮನೆ ಕುಳಿತಿದ್ದೆ. ಮನೆಯವರು ಮಾಮೂಲಿನಂತೆ "ಏನಾತು?" ಎಂದಿದ್ದರೆ ನಾನೂ ಮಾಮೂಲಿನಂತೆ "ಏನಿಲ್ಲ" ಎನ್ನುತ್ತಿದ್ದೆ. ಅವರು ಚಹಾ ತಂದಿಟ್ಟು, ಎದುರಿಗೆ ಕುಳಿತು, "ಇವತ್ತೇನು ಹೇರಿಕೊಂಡು ಬಂದಿ?" ಎಂದರು. ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿತ್ತು.